ಬೋಟು ದಡಕ್ಕೆ ಕಟ್ಟುವ ತಿಂಗಳಲ್ಲೇ ಶಾಲೆ ಶುರು: ಮೂಲ ಆದಾಯ, ಮಕ್ಕಳ ಸಂಖ್ಯೆ, ಮಕ್ಕಳ ಓದು

ಜೂನ್ 1ಕ್ಕೆ ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟುಗಳೆಲ್ಲ ದಡ ಸೇರಿರುತ್ತವೆ. ಅಲ್ಲಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಅದು ಮೀನು ಮೊಟ್ಟೆ ಇಡುವ ಕಾಲ. ಹೆಚ್ಚುಕಮ್ಮಿ ಅದೇ ವಾರ ಶಾಲೆಯ ಬಾಗಿಲು ತೆರೆಯುತ್ತದೆ. ಬೋಟಿನ ಪಾಲಿನ ದುಡ್ಡು ನಿಂತ ವಾರವೇ ಪುಸ್ತಕ, ಚೀಲ, ಕೊಡೆ, ಪಿಯುಸಿ ಅಡ್ಮಿಷನ್ ಎಲ್ಲ ಒಟ್ಟಿಗೆ ಬಂದು ಕೂರುತ್ತವೆ.

ನಮ್ಮ ಕೇರಿಯಲ್ಲಿ ಮೀನು ಮಾರುವ ಒಬ್ಬರಿದ್ದಾರೆ. ಹೆಸರು ಬೇಡ. ಗಂಡ ಬೋಟಿಗೆ ಹೋಗುತ್ತಾರೆ, ಇವರು ಬುಟ್ಟಿ ಹೊತ್ತು ಮನೆಮನೆಗೆ ಹೋಗಿ ಬಂಗಡೆ, ತಾರ್ಲೆ ಮಾರುತ್ತಾರೆ. ಮಳೆಗಾಲಕ್ಕೆ ಒಂದಿಷ್ಟು ಒಣಮೀನು ಕಟ್ಟಿಟ್ಟಿರುತ್ತಾರೆ. ಒಂದು ದಿನ ಮಗಳ ಸ್ಕಾಲರ್‌ಶಿಪ್ ಅರ್ಜಿ ತುಂಬಿಸಿಕೊಳ್ಳಲು ನನ್ನ ಹತ್ತಿರ ಬಂದಿದ್ದರು. ಕಾಗದ ಹುಡುಕಲು ಸ್ಟೀಲಿನ ಡಬ್ಬಿ ತೆಗೆದರು. ಆಧಾರ್ ಕಾರ್ಡು, ಅಂಕಪಟ್ಟಿ, ಅವುಗಳ ಕೆಳಗೆ ಬಂಗಾರ ಅಡವಿಟ್ಟ ಮೂರು ರಸೀದಿ. ಮೂರರಲ್ಲೂ ಇದ್ದದ್ದು ಅದೇ ಒಂದು ಜೊತೆ ಬೆಂಡೋಲೆ. ಮೂರೂ ಜೂನ್ ತಿಂಗಳಿನವು, ವರ್ಷ ಮಾತ್ರ ಬೇರೆ. ಜೂನ್‌ನಲ್ಲಿ ಒಳಗೆ ಹೋದ ಓಲೆ ದೀಪಾವಳಿಯ ಹೊತ್ತಿಗೆ ಹೊರಗೆ ಬರುತ್ತದೆ. ನಡುವಿನ ಚೌತಿಗೆ ಅವರ ಕಿವಿ ಖಾಲಿ.

ಸಾರ್ವತ್ರಿಕ ಮೂಲ ಆದಾಯದ ಬಗ್ಗೆ ಯಾರಾದರೂ ಮಾತೆತ್ತಿದರೆ ನನಗೆ ಆ ರಸೀದಿಗಳೇ ಕಣ್ಣ ಮುಂದೆ ಬರುತ್ತವೆ. ಆದರೆ ಚಹಾ ಅಂಗಡಿಯಲ್ಲಿ ಕೇಳಿಬರುವ ಮಾತೇ ಬೇರೆ. ‘ಸುಮ್ನೆ ಕೂತವರಿಗೆ ದುಡ್ಡು ಕೊಟ್ಟರೆ ಜನ ಮಕ್ಕಳ ಮೇಲೆ ಮಕ್ಕಳು ಮಾಡ್ಕೊಳ್ತಾರೆ, ಓದಿಸೋದಕ್ಕೆ ಯಾರೂ ಖರ್ಚು ಮಾಡೋದಿಲ್ಲ’ ಅನ್ನುತ್ತಾರೆ. ಈ ಮಾತು ಎಷ್ಟು ನಿಜ? ಇದನ್ನು ನಿಧಾನವಾಗಿ ಬಿಡಿಸಿ ನೋಡಬೇಕು.

ಮೊದಲು ಈ ಮೂಲ ಆದಾಯ ಅಂದರೆ ಏನು ನೋಡೋಣ. ಪ್ರತಿಯೊಬ್ಬ ವ್ಯಕ್ತಿಗೂ, ಯಾವ ಷರತ್ತೂ ಇಲ್ಲದೆ, ನಿಗದಿತ ಅವಧಿಗೆ ಸರಿಯಾಗಿ, ನಗದು ರೂಪದಲ್ಲಿ ಬರುವ ದುಡ್ಡು. ಬಡವರೋ ಶ್ರೀಮಂತರೋ, ಕೆಲಸ ಇದೆಯೋ ಇಲ್ಲವೋ ಎಂದು ಕೇಳುವುದಿಲ್ಲ. ನಮ್ಮ ಗೃಹಲಕ್ಷ್ಮಿ ಇದಕ್ಕೆ ಹತ್ತಿರದ್ದು, ಆದರೆ ಇದೇ ಅಲ್ಲ. 2023ರ ಆಗಸ್ಟ್ 30ರಂದು ಶುರುವಾದ ಆ ಯೋಜನೆಯಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ. ಆದಾಯ ತೆರಿಗೆ ಕಟ್ಟುವ ಮನೆಗಳಿಗೆ ಇಲ್ಲ. ದುಡ್ಡು ತಲೆಗಲ್ಲ, ಮನೆಗೆ. ಈ ವ್ಯತ್ಯಾಸ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಕೇಂದ್ರ ಸರ್ಕಾರದ 2016-17ರ ಆರ್ಥಿಕ ಸಮೀಕ್ಷೆಯಲ್ಲಿ ಇದಕ್ಕೇ ಒಂದು ಅಧ್ಯಾಯ ಮೀಸಲಿತ್ತು. ಆಗ ಮುಖ್ಯ ಆರ್ಥಿಕ ಸಲಹೆಗಾರರಾಗಿದ್ದವರು ಅರವಿಂದ್ ಸುಬ್ರಮಣಿಯನ್. ಒಬ್ಬರಿಗೆ ವರ್ಷಕ್ಕೆ 7,620 ರೂಪಾಯಿಯಂತೆ ದೇಶದ ಮುಕ್ಕಾಲು ಪಾಲು ಜನರಿಗೆ ಕೊಟ್ಟರೆ ಜಿಡಿಪಿಯ ಶೇ. 4.9ರಷ್ಟು ಖರ್ಚಾಗುತ್ತದೆ ಎಂದು ಅಲ್ಲಿ ಲೆಕ್ಕ ಹಾಕಿದ್ದರು. ಆ 7,620ನ್ನು 12ರಿಂದ ಭಾಗಿಸಿ. ತಿಂಗಳಿಗೆ 635 ರೂಪಾಯಿ. ಆಗಿನ ಬೆಲೆಯಲ್ಲೂ ಒಂದು ಮಗುವಿನ ಹಾಲು, ಬಟ್ಟೆ, ಔಷಧಿಗೆ ಅದು ಸಾಲುವುದಿಲ್ಲ. ಆ ಆಸೆಗೆ ಯಾರಾದರೂ ಇನ್ನೊಂದು ಮಗು ಹೆರುತ್ತಾರಾ?

ಆದರೂ ಭಯಪಡುವವರ ವಾದದಲ್ಲಿ ಒಂದು ಎಳೆ ನಿಜ ಇದೆ. ಅದನ್ನು ಬಿಟ್ಟು ಮುಂದೆ ಹೋಗುವುದು ಸರಿಯಲ್ಲ.

ಅಮೆರಿಕದ ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1960ರಲ್ಲಿ ಒಂದು ಪ್ರಶ್ನೆ ಎತ್ತಿದರು. ದುಡ್ಡು ಜಾಸ್ತಿಯಾದಂತೆ ಜನ ಎಲ್ಲವನ್ನೂ ಜಾಸ್ತಿ ಕೊಳ್ಳುತ್ತಾರೆ. ಹಾಗಿದ್ದರೆ ಶ್ರೀಮಂತರಿಗೆ ಮಕ್ಕಳು ಯಾಕೆ ಜಾಸ್ತಿ ಇಲ್ಲ? ಅವರಿಗೆ ಸಿಕ್ಕ ಉತ್ತರ ಇಷ್ಟು: ತಂದೆ-ತಾಯಿ ಎರಡು ಲೆಕ್ಕ ಒಟ್ಟಿಗೆ ಹಾಕುತ್ತಾರೆ. ಮಕ್ಕಳು ಎಷ್ಟು ಎಂಬುದು ಒಂದು ಲೆಕ್ಕ, ಒಬ್ಬೊಬ್ಬರ ಮೇಲೆ ಎಷ್ಟು ಹಾಕಬೇಕು ಎಂಬುದು ಇನ್ನೊಂದು. ಇವೆರಡೂ ಒಂದನ್ನೊಂದು ಎಳೆಯುತ್ತವೆ. ಒಂದು ಮಗುವನ್ನು ಧಾರವಾಡದ ಹಾಸ್ಟೆಲ್‌ನಲ್ಲಿಟ್ಟು ಓದಿಸಬೇಕೆಂದರೆ ಒಂದು ಫೀಸು. ಮೂವರು ಇದ್ದರೆ ಮೂರು ಫೀಸು. ಒಬ್ಬೊಬ್ಬರಿಗೆ ಹಾಕುವ ದುಡ್ಡು ಏರಿದಂತೆ ಮುಂದಿನ ಮಗು ತುಟ್ಟಿಯಾಗುತ್ತಾ ಹೋಗುತ್ತದೆ. ಶಿರಸಿಯ ತೋಟಿಗರಿಗೆ ಇದನ್ನು ವಿವರಿಸುವುದೇ ಬೇಡ. ಅಡಿಕೆ ಸಸಿಗಳ ನಡುವೆ ಒಂಬತ್ತು ಅಡಿ ಯಾಕೆ ಬಿಡುತ್ತಾರೆ ಎಂದು ಅವರಿಗೆ ಗೊತ್ತು. ಒತ್ತಾಗಿ ನೆಟ್ಟರೆ ಮರದ ಲೆಕ್ಕ ಜಾಸ್ತಿ, ಅಡಿಕೆ ಗೊನೆಯ ತೂಕ ಕಡಿಮೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ತಾಯಿ ದುಡಿದು ದುಡ್ಡು ಬಂದರೆ, ಮಗುವಿಗಾಗಿ ಆಕೆ ಬಿಡುವ ಪ್ರತಿ ದಿನಕ್ಕೂ ಕೂಲಿ ನಷ್ಟ. ಹೀಗಾಗಿ ಹೆಣ್ಣುಮಕ್ಕಳ ದುಡಿಮೆ ಏರಿದ ಅನೇಕ ಕಡೆ ಮನೆಗಳು ಚಿಕ್ಕದಾಗಿವೆ. ಮೂಲ ಆದಾಯ ಹಾಗಲ್ಲ. ಕೆಲಸಕ್ಕೆ ಹೋದರೂ ಬರುತ್ತದೆ, ಮನೆಯಲ್ಲಿದ್ದರೂ ಬರುತ್ತದೆ. ಅಂದಮೇಲೆ ಲೆಕ್ಕದ ಪ್ರಕಾರ ಇದು ಹೆರಿಗೆಯನ್ನು ಕೂಲಿಯಷ್ಟು ತಡೆಯುವುದಿಲ್ಲ, ಸ್ವಲ್ಪ ಏರಿಸಲೂಬಹುದು. ಅಮೆರಿಕದ ಅಲಾಸ್ಕಾದಲ್ಲಿ 1982ರಿಂದ ತೈಲದ ಲಾಭದಲ್ಲಿ ಮಕ್ಕಳೂ ಸೇರಿ ಎಲ್ಲ ನಿವಾಸಿಗಳಿಗೆ ವರ್ಷಕ್ಕೊಮ್ಮೆ ಪಾಲು ಹಂಚುತ್ತಾರೆ. ಅಲ್ಲಿ ಈ ದುಡ್ಡಿನಿಂದ ಹೆರಿಗೆ ಸ್ವಲ್ಪ ಹೆಚ್ಚಾಗಿದ್ದನ್ನು ಸಂಶೋಧಕರು ಕಂಡಿದ್ದಾರೆ. ಭಯಪಡುವವರ ಎಳೆ ಇದು.

ಇದಕ್ಕೆ ಎದುರು ನಿಲ್ಲುವ ಎಳೆಗಳು ಇನ್ನೂ ಗಟ್ಟಿ. ನಮ್ಮ ಅಜ್ಜಿಗೆ ಎಂಟು ಮಕ್ಕಳು, ಅಮ್ಮನಿಗೆ ಮೂರು, ನನಗೆ ಒಬ್ಬಳು. ಅಜ್ಜಿ ಎಂಟು ಹೆತ್ತದ್ದು ದುಡ್ಡು ಹೆಚ್ಚಾಗಿ ಅಲ್ಲ. ಎಷ್ಟು ಉಳಿಯುತ್ತವೋ ಗೊತ್ತಿರಲಿಲ್ಲ. ಮುಪ್ಪಿನಲ್ಲಿ ಗಂಜಿ ಹಾಕುವವರು ಯಾರು ಎಂಬ ಚಿಂತೆಯೂ ಇತ್ತು. ಮಕ್ಕಳೇ ಅವರ ಪಿಂಚಣಿ, ಮಕ್ಕಳೇ ವಿಮೆ. ಮುಪ್ಪಿಗೆ ತಿಂಗಳು ತಿಂಗಳು ದುಡ್ಡು ಬಂದೇ ಬರುತ್ತದೆ ಎಂಬ ಭರವಸೆ ಸಿಕ್ಕರೆ ಈ ಕಾರಣ ಕರಗುತ್ತದೆ. ಬ್ರೆಜಿಲ್‌ನಲ್ಲಿ 1991ರ ಸುಧಾರಣೆಯಿಂದ ಹಳ್ಳಿಗರಿಗೂ ಪಿಂಚಣಿ ಸಿಗತೊಡಗಿದ ಮೇಲೆ ಅಲ್ಲಿ ಹೆರಿಗೆ ಇಳಿಯಿತು.

ಆದರೆ ದುಡ್ಡು ಹಂಚುವ ನಿಯಮವನ್ನು ಎಡವಟ್ಟಾಗಿ ಬರೆದರೆ ಕತೆ ತಿರುಗಿಬಿಡುತ್ತದೆ. ಇದಕ್ಕೆ ನನಗೆ ಸಿಕ್ಕ ಅತ್ಯುತ್ತಮ ಉದಾಹರಣೆ ಲ್ಯಾಟಿನ್ ಅಮೆರಿಕದ್ದು. ಮೆಕ್ಸಿಕೊ, ನಿಕರಾಗುವಾ, ಹೊಂಡುರಾಸ್ ಮೂರೂ ದೇಶ ಬಡ ಕುಟುಂಬಗಳಿಗೆ ನಗದು ಕೊಟ್ಟವು. ಮಕ್ಕಳನ್ನು ಶಾಲೆಗೆ, ಆಸ್ಪತ್ರೆಗೆ ಕಳಿಸಬೇಕು ಎಂಬ ಷರತ್ತಿತ್ತು, ಹಾಗಾಗಿ ಇವು ಪೂರ್ತಿ ಮೂಲ ಆದಾಯ ಅಲ್ಲ. ಮೆಕ್ಸಿಕೊ ಮತ್ತು ನಿಕರಾಗುವಾದಲ್ಲಿ ಹೆರಿಗೆ ಏರಲಿಲ್ಲ. ಹೊಂಡುರಾಸ್‌ನಲ್ಲಿ ಮಾತ್ರ ಶೇಕಡಾ 2ರಿಂದ 4 ಅಂಶದಷ್ಟು ಏರಿತು. ಜನ ಬೇರೆಯಾಗಿದ್ದರಿಂದಲ್ಲ, ನಿಯಮ ಬೇರೆಯಾಗಿದ್ದರಿಂದ. ಹೊಂಡುರಾಸ್‌ನಲ್ಲಿ ಯೋಜನೆ ಶುರುವಾದ ಮೇಲೆ ಹುಟ್ಟಿದ ಮಗುವಿನಿಂದಲೂ ಮನೆಗೆ ಹೊಸದಾಗಿ ದುಡ್ಡು ಸಿಗುತ್ತಿತ್ತು. ಉಳಿದೆರಡು ಕಡೆ ಹೊಸ ಮಗು ಬಂದ ತಕ್ಷಣ ಏನೂ ಸೇರುತ್ತಿರಲಿಲ್ಲ. ‘ಹೆತ್ತರೆ ಕೊಡುತ್ತೇವೆ’ ಎಂದರೆ ಕೆಲವರು ಹೆರುತ್ತಾರೆ. ‘ಇರುವವರಿಗೆ ಕೊಡುತ್ತೇವೆ’ ಎಂದರೆ ಇರುವವರನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ.

ಬೇಕೆಂದೇ ಹೆರಿಗೆ ಏರಿಸಲು ಹೊರಟವರೂ ಇದ್ದಾರೆ. ಪೋಲೆಂಡ್ 2016ರಲ್ಲಿ ಎರಡನೇ ಮಗುವಿನಿಂದ ಶುರುಮಾಡಿ ಒಂದೊಂದು ಮಗುವಿಗೆ ತಿಂಗಳಿಗೆ 500 ಝ್ಲಾಟಿ ಕೊಡತೊಡಗಿತು. 2017ರಲ್ಲಿ ಹೆರಿಗೆ ಏರಿತು. ಆಮೇಲೆ ಇಳಿದದ್ದು ನಿಲ್ಲಲೇ ಇಲ್ಲ. ಮುಂದೆಂದೋ ಹೆರಬೇಕೆಂದಿದ್ದವರಲ್ಲಿ ಕೆಲವರು ಬೇಗ ಹೆತ್ತುಬಿಟ್ಟರು ಎಂದು ಕಾಣುತ್ತದೆ. ಬದಲಾದದ್ದು ಹೆಚ್ಚಾಗಿ ಹೆರಿಗೆಯ ವರ್ಷ, ಒಟ್ಟು ಮಕ್ಕಳ ಲೆಕ್ಕ ಅಷ್ಟೇನೂ ಬದಲಾಗಲಿಲ್ಲ.

ಈಗ ನಮ್ಮ ಜಿಲ್ಲೆಗೆ ಬರೋಣ. ಕರ್ನಾಟಕದಲ್ಲಿ ಒಬ್ಬ ಹೆಣ್ಣುಮಗಳಿಗೆ ಸರಾಸರಿ 1.7 ಮಕ್ಕಳು. ಇದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿ. ಜನಸಂಖ್ಯೆ ಇದ್ದಷ್ಟೇ ಉಳಿಯಬೇಕೆಂದರೆ 2.1 ಬೇಕು. ಅಂದರೆ ಗೃಹಲಕ್ಷ್ಮಿ ಬರುವ ಮೊದಲೇ ನಾವು ಆ ಗೆರೆಯಿಂದ ಕೆಳಗೆ ಇಳಿದಾಗಿತ್ತು. ‘ಆರತಿಗೊಬ್ಬಳು, ಕೀರ್ತಿಗೊಬ್ಬ’ ಎಂದು ಗೋಡೆಗಳ ಮೇಲೆ ಬರೆಸುತ್ತಿದ್ದ ಕಾಲ ಯಾವತ್ತೋ ಮುಗಿದಿದೆ. ಈಗ ಅನೇಕ ಮನೆಗಳಲ್ಲಿ ಆರತಿಗೂ ಕೀರ್ತಿಗೂ ಒಬ್ಬರೇ. ಶಿರಸಿ, ಸಿದ್ದಾಪುರದ ಹಳ್ಳಿಗಳಿಗೆ ಹೋಗಿ ನೋಡಿ. ದೊಡ್ಡ ಮನೆ, ವಿಶಾಲ ಅಂಗಳ, ಜಗುಲಿಯಲ್ಲಿ ಇಬ್ಬರು ಮುದುಕರು. ಮಗ ಬೆಂಗಳೂರಿನಲ್ಲಿ. ಅಡಿಕೆಯ ದುಡ್ಡನ್ನು ಆ ಮನೆಗಳು ತಲೆಮಾರಿನಿಂದ ಓದಿಗೇ ಹಾಕಿವೆ. ಓದು ಮಕ್ಕಳನ್ನು ಘಟ್ಟ ದಾಟಿಸಿದೆ. ಬೆಕರ್ ಹೇಳಿದ ಆಯ್ಕೆಯನ್ನು ಅವರು ಬೆಕರ್ ಹೆಸರು ಕೇಳದೆಯೇ ಮಾಡಿ ಮುಗಿಸಿದ್ದಾರೆ. ಅಲ್ಲಿ ತಿಂಗಳಿಗೆ ಎರಡು ಸಾವಿರ ಕೊಟ್ಟು ತೊಟ್ಟಿಲು ತುಂಬಿಸಲು ಆಗುವುದಿಲ್ಲ.

ಹಾಗಾಗಿ ನಮ್ಮಲ್ಲಿ ಕೇಳಬೇಕಾದದ್ದು ಮಕ್ಕಳ ಸಂಖ್ಯೆ ಅಲ್ಲ. ಇರುವ ಒಬ್ಬರು-ಇಬ್ಬರು ಎಲ್ಲಿಯವರೆಗೆ ಓದುತ್ತಾರೆ, ಎಲ್ಲಿ ನಿಲ್ಲುತ್ತಾರೆ?

ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದಲ್ಲಿ ಡೌಫಿನ್ ಎಂಬ ಸಣ್ಣ ಊರಿದೆ. ಸುತ್ತ ಹೊಲಗಳು. 1974ರಿಂದ 1979ರವರೆಗೆ ಆ ಊರಿನ ಯಾವ ಮನೆಯ ಆದಾಯವೂ ಒಂದು ಮಟ್ಟಕ್ಕಿಂತ ಕೆಳಗೆ ಇಳಿಯದಂತೆ ಸರ್ಕಾರ ದುಡ್ಡು ತುಂಬಿಕೊಟ್ಟಿತು. ಆಮೇಲೆ ಸರ್ಕಾರ ಬದಲಾಯಿತು, ಪ್ರಯೋಗ ನಿಂತಿತು, ಕಾಗದಪತ್ರಗಳು ಪೆಟ್ಟಿಗೆ ಸೇರಿದವು. ಎವೆಲಿನ್ ಫರ್ಜೆಟ್ ಎಂಬ ಅರ್ಥಶಾಸ್ತ್ರಜ್ಞೆ ದಶಕಗಳ ನಂತರ ಆ ಊರಿನ ಆರೋಗ್ಯ ದಾಖಲೆಗಳನ್ನು ತಾಳೆ ನೋಡಿ 2011ರಲ್ಲಿ ಪ್ರಕಟಿಸಿದರು. ಹೆರಿಗೆ ಏರಿರಲಿಲ್ಲ. ಆಸ್ಪತ್ರೆ ಸೇರುವವರು ಶೇ. 8.5ರಷ್ಟು ಕಡಿಮೆಯಾಗಿದ್ದರು. ಹನ್ನೆರಡನೇ ತರಗತಿಗೆ ಮುಂದುವರಿದ ಮಕ್ಕಳು ಜಾಸ್ತಿಯಾಗಿದ್ದರು. ಅದಕ್ಕೆ ಮುಂಚೆ ಹದಿನಾರಾದ ಹುಡುಗರು ಓದು ಬಿಟ್ಟು ಹೊಲಕ್ಕೋ ಕೆಲಸಕ್ಕೋ ಇಳಿಯುತ್ತಿದ್ದರು. ಮನೆಗೆ ಅವರ ಕೂಲಿ ಬೇಕಿತ್ತು. ಆ ಕೂಲಿಯ ಜಾಗಕ್ಕೆ ಬೇರೆ ದುಡ್ಡು ಬಂದಾಗ ಹುಡುಗರು ಇನ್ನೊಂದು ವರ್ಷ ಬೆಂಚಿನ ಮೇಲೆ ಕೂತರು.

ಇದನ್ನು ಓದುವಾಗ ನನಗೆ ಕಂಡದ್ದು ಕಾರವಾರದ ಬೆಳಗಿನ ಬಸ್‌ಸ್ಟ್ಯಾಂಡು. ಗೋವಾದ ಕಡೆ ಹೊರಟ ಬಸ್ಸಿನಲ್ಲಿ ಟಿಫಿನ್ ಡಬ್ಬಿ ಹಿಡಿದ ಎಳೆಯ ಮುಖಗಳು. ಎಷ್ಟೋ ಜನ ಎಸ್ಸೆಸ್ಸೆಲ್ಸಿ ಮುಗಿಸಿದವರು, ಇಲ್ಲವೇ ಪಿಯುಸಿ ಅರ್ಧಕ್ಕೆ ಬಿಟ್ಟವರು. ಇವರ ಮನೆಯಲ್ಲಿ ಓದಿನ ಬೆಲೆ ಗೊತ್ತಿಲ್ಲ ಎಂದು ಹೇಳುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಬೆಲೆ ಚೆನ್ನಾಗಿಯೇ ಗೊತ್ತು. ಹುಡುಗ ತರುವ ತಿಂಗಳ ಸಂಬಳವನ್ನು ಬಿಟ್ಟುಕೊಟ್ಟು ಎರಡು ವರ್ಷ ಕಾಯುವಷ್ಟು ಬಲ ಮನೆಗಿಲ್ಲ, ಅಷ್ಟೇ.

ಫರ್ಜೆಟ್ ಅವರ ಆಸ್ಪತ್ರೆಯ ಅಂಕಿಯನ್ನೂ ನಮ್ಮವರು ಗಮನಿಸಬೇಕು. ಉತ್ತರ ಕನ್ನಡದಲ್ಲಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ವರ್ಷಗಳಿಂದ ಇದೆ. ತಲೆಗೆ ಪೆಟ್ಟಾದರೆ, ಹೃದಯ ಕೈಕೊಟ್ಟರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾಕ್ಕೆ ಓಡಬೇಕು. ಅಂಥ ಒಂದು ಓಟ ಸಾಕು, ಮಗಳ ಡಿಗ್ರಿಗೆಂದು ಇಟ್ಟ ದುಡ್ಡು ಖಾಲಿ. ಓದಿನ ಖರ್ಚು ಮತ್ತು ಕಾಯಿಲೆಯ ಖರ್ಚು ಒಂದೇ ಡಬ್ಬಿಯಿಂದ ಹೋಗುತ್ತವೆ.

ನಮ್ಮ ದೇಶದಲ್ಲೇ ಒಂದು ಪ್ರಯೋಗ ನಡೆದಿದೆ. ಮಧ್ಯಪ್ರದೇಶದ ಎಂಟು ಹಳ್ಳಿಗಳಲ್ಲಿ 2011ರಲ್ಲಿ ‘ಸೇವಾ’ ಸಂಘಟನೆ ಯುನಿಸೆಫ್ ನೆರವಿನಿಂದ ಇದನ್ನು ಶುರುಮಾಡಿತು. ದೊಡ್ಡವರಿಗೆ ತಿಂಗಳಿಗೆ 200 ರೂಪಾಯಿ, ಮಕ್ಕಳಿಗೆ 100. ಒಂದು ವರ್ಷದ ನಂತರ ಅದು 300 ಮತ್ತು 150 ಆಯಿತು. ಮಕ್ಕಳ ದುಡ್ಡು ತಾಯಿಯ ಕೈಗೆ. ಷರತ್ತು ಒಂದೂ ಇಲ್ಲ. ಹೋಲಿಸಿ ನೋಡಲು ದುಡ್ಡು ಕೊಡದ ಹಳ್ಳಿಗಳನ್ನೂ ಗಮನಿಸಿದರು. ದುಡ್ಡು ಬಂದ ಮನೆಗಳು ಸಮವಸ್ತ್ರ, ಪುಸ್ತಕ, ಶಾಲೆಗೆ ಹೋಗುವ ವಾಹನಕ್ಕೆ ಹೆಚ್ಚು ಖರ್ಚು ಮಾಡಿದವು. ಹೈಸ್ಕೂಲು ವಯಸ್ಸಿನ ಹೆಣ್ಣುಮಕ್ಕಳು ಶಾಲೆಯಲ್ಲಿ ಉಳಿದರು. ಒಂದೂವರೆ ವರ್ಷದ ಪ್ರಯೋಗದಲ್ಲಿ ಮನೆಯ ಗಾತ್ರ ಬದಲಾಗುವುದಿಲ್ಲ, ಆ ಲೆಕ್ಕವನ್ನು ಇದರಿಂದ ತೆಗೆಯಬಾರದು. ಆದರೆ ಹುಡುಗಿ ಶಾಲೆಯಲ್ಲಿದ್ದಷ್ಟು ದಿನ ಮದುವೆ ಮುಂದೆ ಹೋಗುತ್ತದೆ. ಮದುವೆ ಮುಂದೆ ಹೋದರೆ ಮಕ್ಕಳೂ ಕಡಿಮೆ. ಓದು ಮತ್ತು ಕುಟುಂಬದ ಗಾತ್ರ ಸೇರುವ ಗಂಟು ಇದೇ.

ಆಫ್ರಿಕಾದ ಮಲಾವಿಯಲ್ಲಿ ಈ ಗಂಟನ್ನೇ ಬಿಡಿಸಿ ನೋಡಿದರು. ಕೆಲವು ಹುಡುಗಿಯರಿಗೆ ಶಾಲೆಗೆ ಬಂದರೆ ಮಾತ್ರ ದುಡ್ಡು, ಕೆಲವರಿಗೆ ಸುಮ್ನೆ ದುಡ್ಡು. ಷರತ್ತು ಹಾಕಿದಲ್ಲಿ ಹಾಜರಾತಿ ಹೆಚ್ಚು ಏರಿತು. ಷರತ್ತಿಲ್ಲದಲ್ಲಿ ಬಾಲ್ಯವಿವಾಹ, ಎಳೆಯ ಬಸುರಿ ಹೆಚ್ಚು ತಗ್ಗಿತು. ಶಾಲೆ ಬಿಟ್ಟ ಹುಡುಗಿಗೂ ಅಲ್ಲಿ ಕೈಯಲ್ಲಿ ದುಡ್ಡಿತ್ತು, ಹೊಟ್ಟೆಪಾಡಿಗಾಗಿ ಮದುವೆಗೆ ಒಪ್ಪುವ ಪ್ರಸಂಗ ಬರಲಿಲ್ಲ. ಷರತ್ತು ಬೇಕು ಎನ್ನುವವರು ಆ ಶಾಲೆ ಬಿಟ್ಟ ಹುಡುಗಿಯನ್ನು ಮರೆಯುತ್ತಾರೆ ಎಂದು ನನಗನ್ನಿಸುತ್ತದೆ. ನಿಜಕ್ಕೂ ಕಷ್ಟದಲ್ಲಿರುವವಳು ಅವಳೇ ಅಲ್ವಾ?

ಮೊರೊಕ್ಕೊದಲ್ಲಿ ಇನ್ನೊಂದು ದಾರಿ ಹಿಡಿದರು. ಷರತ್ತು ಹಾಕಲಿಲ್ಲ, ‘ಇದು ಮಕ್ಕಳ ಓದಿನ ದುಡ್ಡು’ ಎಂದು ಹೆಸರಿಟ್ಟು ಕೊಟ್ಟರು. ಅಷ್ಟಕ್ಕೇ ಮಕ್ಕಳು ಶಾಲೆಯಲ್ಲಿ ಉಳಿಯುವುದು ಚೆನ್ನಾಗಿ ಏರಿತು.

ದುಡ್ಡು ಯಾರ ಕೈಗೆ ಎಂಬುದೂ ಮುಖ್ಯ. ದಕ್ಷಿಣ ಆಫ್ರಿಕಾದ ವೃದ್ಧಾಪ್ಯ ಪಿಂಚಣಿಯ ಬಗ್ಗೆ ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೊ ಮಾಡಿದ ಅಧ್ಯಯನದಲ್ಲಿ, ಅಜ್ಜಿಗೆ ಪಿಂಚಣಿ ಬರುವ ಮನೆಯ ಮೊಮ್ಮಗಳ ಮೈ ತುಂಬಿಕೊಂಡಿತ್ತು. ಅಜ್ಜನಿಗೆ ಬಂದಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಗೃಹಲಕ್ಷ್ಮಿ ಯಜಮಾನಿಯ ಖಾತೆಗೇ ಹೋಗುವುದು ಸರಿಯಾದ ಕ್ರಮ ಎಂದು ನಾನು ಹೇಳುವುದು ಇದಕ್ಕೇ.

ಆದರೆ ಮನೆಗೊಂದು ಎಂಬ ನಿಯಮಕ್ಕೆ ಇನ್ನೊಂದು ಮುಖವೂ ಇದೆ. ಅತ್ತೆ, ಇಬ್ಬರು ಸೊಸೆಯಂದಿರು ಒಂದೇ ಒಲೆಯಲ್ಲಿ ಬೇಯಿಸಿದರೆ ಒಂದು 2000. ರೇಷನ್ ಕಾರ್ಡು ಬೇರೆಯಾದರೆ ಮೂರು. ಕಾರ್ಡು ಬೇರೆ ಮಾಡಿಸುವ ಆಸೆ ಹುಟ್ಟುವುದು ಸಹಜ. ಕುಟುಂಬದ ಗಾತ್ರ ಎಂದರೆ ಹೆತ್ತ ಮಕ್ಕಳ ಲೆಕ್ಕ ಮಾತ್ರ ಅಲ್ಲ, ಒಂದು ಸೂರಿನಡಿ ಉಣ್ಣುವವರ ಲೆಕ್ಕವೂ ಹೌದು. ತಾಯಿ ಮೀನು ಮಾರಲು ಹೋದಾಗ ಸಂಜೆ ಮಗುವನ್ನು ಓದಲು ಕೂರಿಸುವವಳು ಅಜ್ಜಿ. ಆ ಅಜ್ಜಿಯ ಒಲೆ ಬೇರೆಯಾದರೆ ಮಗುವಿನ ಓದಿಗೂ ಏಟು. ತಲೆಗಿಷ್ಟು ಎಂದು ಕೊಡುವ ಮೂಲ ಆದಾಯದಲ್ಲಿ ಈ ತೊಡಕಿಲ್ಲ. ಒಟ್ಟಿಗಿದ್ದರೂ ಅಷ್ಟೇ, ಬೇರೆಯಾದರೂ ಅಷ್ಟೇ.

ದುಡ್ಡೊಂದೇ ಎಲ್ಲ ಮಾಡುತ್ತದೆ ಎಂದು ನಾನು ಹೇಳುತ್ತಿಲ್ಲ. ಜೋಯಿಡಾದ ಕಾಡಿನೊಳಗಿನ ಹಳ್ಳಿಯ ಹುಡುಗಿಗೆ ಕಾಲೇಜು ದೂರವಾದರೆ ಖಾತೆಯಲ್ಲಿ ದುಡ್ಡಿದ್ದೂ ಪ್ರಯೋಜನವಿಲ್ಲ. ಅವಳಿಗೆ ಬಸ್ಸು ಬೇಕು, ಹಾಸ್ಟೆಲ್ ಬೇಕು, ಪಾಠ ಮಾಡುವ ಮೇಷ್ಟ್ರು ಬೇಕು. ಸರ್ಕಾರಿ ಶಾಲೆಯ ಖರ್ಚು ಕಡಿದು ಆ ದುಡ್ಡನ್ನೇ ಖಾತೆಗೆ ಹಾಕಿದರೆ ನಷ್ಟವೇ ಜಾಸ್ತಿ. ಎಲ್ಲರ ಕೈಯಲ್ಲೂ ದುಡ್ಡಿದೆ ಎಂದು ಗೊತ್ತಾದರೆ ಖಾಸಗಿ ಫೀಸು ಏರಲು ಎಷ್ಟು ಹೊತ್ತು? ಮೂಲ ಆದಾಯ ಶಾಲೆಯ ಜೊತೆಗೆ ಬರಬೇಕು, ಶಾಲೆಯ ಬದಲಿಗೆ ಬರಬಾರದು.

ಇನ್ನು ಎಷ್ಟು ಕೊಡಬೇಕು ಎಂಬ ಪ್ರಶ್ನೆ. ಎಲ್ಲರೂ ಮೊತ್ತದ ಬಗ್ಗೆಯೇ ವಾದ ಮಾಡುತ್ತಾರೆ. ಕರಾವಳಿಯಲ್ಲಿ ನಿಂತು ನೋಡಿದರೆ ಮೊತ್ತಕ್ಕಿಂತ ತಾರೀಕು ದೊಡ್ಡದು. ಬೋಟಿನ ಮನೆ ವರ್ಷವಿಡೀ ಬಡ ಮನೆಯಲ್ಲ. ಒಳ್ಳೆ ಮೀನು ಬಿದ್ದ ತಿಂಗಳು ಕೈ ತುಂಬುತ್ತದೆ, ಜೂನ್‌ನಲ್ಲಿ ಬರಿದಾಗುತ್ತದೆ. ಓದು ಮುರಿಯುವುದು ಆ ಬರಿದಾದ ತಿಂಗಳಲ್ಲಿ. ಮೀನುಗಾರರ ಉಳಿತಾಯ ಮತ್ತು ಪರಿಹಾರ ಯೋಜನೆ ಹುಟ್ಟಿದ್ದೂ ಇದೇ ಕಾರಣಕ್ಕೆ. ದುಡಿಯುವ ತಿಂಗಳುಗಳಲ್ಲಿ ಮೀನುಗಾರ ಸ್ವಲ್ಪ ಕಟ್ಟುತ್ತಾನೆ, ಸರ್ಕಾರ ಅದಕ್ಕೆ ಸೇರಿಸಿ ಬಿಡುವಿನ ತಿಂಗಳುಗಳಲ್ಲಿ ಹಿಂದಿರುಗಿಸುತ್ತದೆ. ಮೂಲ ಆದಾಯವೂ ಅಷ್ಟೇ. ತಪ್ಪದೆ ಬಂದರೆ ಅದರ ಮೇಲೆ ಎರಡು ವರ್ಷದ ಪಿಯುಸಿಯನ್ನು, ಮೂರು ವರ್ಷದ ಡಿಗ್ರಿಯನ್ನು ಕಟ್ಟಬಹುದು. ಮೂರು ತಿಂಗಳು ತಡೆದು ಒಟ್ಟಿಗೆ ಬಂದರೆ ಅದು ಹಳೆ ಸಾಲಕ್ಕೆ ಹೋಗುತ್ತದೆ. ಮೊತ್ತ ಅದೇ, ಕೆಲಸ ಬೇರೆ.

ಆ ಸ್ಕಾಲರ್‌ಶಿಪ್ ಅರ್ಜಿ ತುಂಬಿ ಮುಗಿದ ಮೇಲೆ ನಾನು ಅವರಿಗೆ ಇದೆಲ್ಲ ಹೇಳಿದೆ. ಮನೆಯಲ್ಲಿ ಒಬ್ಬೊಬ್ಬರಿಗೂ ಇಷ್ಟಿಷ್ಟು ಅಂತ ದುಡ್ಡು ಬರುವಂತಾದರೆ ಇನ್ನೊಂದು ಮಗು ಬೇಕು ಅನ್ನಿಸುತ್ತಾ ಎಂದು ಕೇಳಿಯೂಬಿಟ್ಟೆ. ಅವರು ಜೋರಾಗಿ ನಕ್ಕು, ಮಗಳ ಅಂಕಪಟ್ಟಿಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿದರು. ‘ಇವಳದ್ದೇ ಇನ್ನೂ ಐದು ವರ್ಷ ಓದು ಅದೆ’ ಅಂದರು. ಡಬ್ಬಿಯ ಮುಚ್ಚಳ ಒತ್ತುತ್ತಾ ಒಂದು ಕ್ಷಣ ತಡೆದರು.

‘ತಿಂಗಳಿಗೆ ಎಷ್ಟನೇ ತಾರೀಕಿಗೆ ಬರ್ತದೆ ಅದು?’